ನೆನಪಿಡುವ ಸರ್ವರಿನ ಪರವಾಗಿ

ಗಣಕ ಭದ್ರತೆಯ ಮಾತು ಶುರುವಾದರೆ ನಮ್ಮಲ್ಲಿ ಅದು ಪಾಸ್‌ವರ್ಡ್ ಹತ್ತಿರ ಬಂದು ನಿಂತುಬಿಡುತ್ತದೆ. ಎಷ್ಟು ಅಕ್ಷರ ಇರಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಒಟಿಪಿಯೂ ಬೇಕೇ ಎಂಬ ಚರ್ಚೆಯಲ್ಲೇ ಹೊತ್ತು ಕಳೆಯುತ್ತದೆ. ಆದರೆ ಪಾಸ್‌ವರ್ಡಿನ ಕೆಲಸ ಲಾಗಿನ್ ಗುಂಡಿ ಒತ್ತಿದ ಕ್ಷಣಕ್ಕೆ ಮುಗಿಯಿತು. ಅಲ್ಲಿಂದ ಮುಂದೆ, ಕೆಲವೊಮ್ಮೆ ವಾರಗಟ್ಟಲೆ, ನಮ್ಮ ಹೆಸರಿನಲ್ಲಿ ಓಡಾಡುವುದು ಸರ್ವರ್ ನಮ್ಮ ಬ್ರೌಸರಿಗೋ ಆ್ಯಪಿಗೋ ಕೊಟ್ಟ ಒಂದು ಉದ್ದನೆಯ ಅಕ್ಷರಸಾಲು. ಅದು ಯಾರ ಕೈಯಲ್ಲಿದೆಯೋ ಆ ಹೊತ್ತಿಗೆ ಅವರೇ ನಾವು. ಅದನ್ನು ಯಾರು ಕಾಯುತ್ತಾರೆ, ಅದು ಯಾವಾಗ ಸಾಯುತ್ತದೆ, ಸಾಯಿಸುವ ಅಧಿಕಾರ ಯಾರಿಗಿದೆ ಎಂದು ನಾವು ಕೇಳುವುದು ಅಪರೂಪ.

ಈ ಪ್ರಶ್ನೆ ತುಂಬ ಗಂಭೀರವಾಗುವುದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂಗಳಲ್ಲಿ, ಅಂದರೆ ಡ್ರೂಪಲ್, ವರ್ಡ್‌ಪ್ರೆಸ್‌ನಂಥ ಸಿಎಂಎಸ್‌ಗಳಲ್ಲಿ. ಪತ್ರಿಕೆ, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ, ಸಾಹಿತ್ಯ ಸಂಘಟನೆ ಹೀಗೆ ಎಷ್ಟೋ ಸಂಸ್ಥೆಗಳ ಜಾಲತಾಣಗಳು ಇವುಗಳ ಮೇಲೆ ನಿಂತಿವೆ. ಭಾರತ ಸರ್ಕಾರದ ಮುಕ್ತ ದತ್ತಾಂಶದ ತಾಣವೂ 2012ರಲ್ಲಿ ಡ್ರೂಪಲ್ ಆಧರಿಸಿದ ತಂತ್ರಾಂಶದಿಂದಲೇ ರೂಪುಗೊಂಡಿತು. ಇಂಥ ಕಡೆ ಲಾಗಿನ್ ಆದವರು ತಮ್ಮ ಸ್ವಂತ ಫೋಟೊ ಹಾಕುವವರಲ್ಲ. ಸಂಸ್ಥೆಯ ಹೆಸರಿನಲ್ಲಿ ಬರೆಯುವವರು. ಅವರ ಸೆಷನ್, ಅಂದರೆ ಆ ಅಕ್ಷರಸಾಲಿನ ಬಲದಿಂದ ನಡೆಯುವ ಲಾಗಿನ್ ಅವಧಿ, ಬೇರೆಯವರ ಕೈಗೆ ಸಿಕ್ಕರೆ ಸುಳ್ಳು ಸುತ್ತೋಲೆಯೊಂದು ಅಸಲಿ ವಿಳಾಸದಿಂದಲೇ ಹೊರಬೀಳುತ್ತದೆ.

ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಇಂಥ ವ್ಯವಸ್ಥೆಗಳಲ್ಲಿ ಯಾರು ಒಳಗಿದ್ದಾರೆ ಎಂಬುದನ್ನು ಸರ್ವರ್ ತಾನೇ ನೆನಪಿಟ್ಟುಕೊಳ್ಳಬೇಕು. ಆ ನೆನಪು ಹಳೆಯ ಕಾಲದ ಹೊರೆ, ಅದನ್ನು ಬಳಕೆದಾರರ ಕೈಯಲ್ಲಿರುವ ಟೋಕನ್ನಿಗೆ ವರ್ಗಾಯಿಸಿ ಹಗುರಾಗಬೇಕು ಎಂಬ ವಿಚಾರ ಸುಮಾರು ಹತ್ತು ವರ್ಷಗಳಿಂದ ತಂತ್ರಾಂಶ ಬರೆಯುವವರಲ್ಲಿ ಬಲವಾಗಿದೆ. ಸಿಎಂಎಸ್ ಮಟ್ಟಿಗೆ ಅದು ತಪ್ಪು ದಾರಿ.

ಬುಡದಿಂದ ನೋಡೋಣ. ವೆಬ್‌ಗೆ ಹುಟ್ಟಿನಿಂದಲೇ ನೆನಪಿಲ್ಲ. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿ ಎಚ್‌ಟಿಟಿಪಿಯನ್ನು ರೂಪಿಸಿದಾಗ ಅದರ ಉದ್ದೇಶ ದಾಖಲೆ ಕೇಳುವುದು, ಕೊಡುವುದು, ಮರೆಯುವುದು. ಒಂದು ಕೋರಿಕೆಗೂ ಮುಂದಿನದಕ್ಕೂ ಸಂಬಂಧವಿಲ್ಲ. ಓದುವುದಕ್ಕೆ ಇದು ಸೊಗಸಾದ ಏರ್ಪಾಟು. ಕೊಳ್ಳುವುದಕ್ಕೆ, ಬರೆಯುವುದಕ್ಕೆ, ತಿದ್ದುವುದಕ್ಕೆ ಸಾಲದು. ಈ ಕೊರತೆ ತುಂಬಲು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕೀಯನ್ನು, ಅಂದರೆ ಸರ್ವರ್ ಬ್ರೌಸರಿನಲ್ಲಿ ಉಳಿಸುವ ಸಣ್ಣ ಟಿಪ್ಪಣಿಯನ್ನು, ರೂಪಿಸಿದರು. ಅದರ ಹಿನ್ನೆಲೆ ನನ್ನ ವಾದಕ್ಕೆ ಹತ್ತಿರದ್ದು. ಎಂಸಿಐ ಎಂಬ ಟೆಲಿಫೋನ್ ಕಂಪನಿ ಆನ್‌ಲೈನ್ ಅಂಗಡಿ ಕಟ್ಟಿಸುತ್ತಿತ್ತು. ಅರ್ಧಕ್ಕೆ ನಿಂತ ಖರೀದಿಗಳ ವಿವರವನ್ನೆಲ್ಲ ತನ್ನ ಸರ್ವರುಗಳಲ್ಲಿ ಇಟ್ಟುಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ಹಾಗಾಗಿ ಆ ವಿವರ ಗಿರಾಕಿಯ ಯಂತ್ರದಲ್ಲೇ ಕೂರುವಂತಾಯಿತು. ನೆನಪಿನ ಹೊರೆಯನ್ನು ಬಳಕೆದಾರರ ಕಡೆಗೆ ಸರಿಸುವ ಆಸೆ ಕುಕೀಯಷ್ಟೇ ಹಳೆಯದು.

ಕುಕೀ ಬಂದ ಮೇಲೆ ಎರಡು ದಾರಿಗಳು ತೆರೆದವು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ನೆನಪಿಸಿಕೊಳ್ಳಿ. ಬಿಲ್ಲೆಯ ಮೇಲೆ ಬರೀ ಒಂದು ಸಂಖ್ಯೆ. ಆ ಸಂಖ್ಯೆಯ ಗೂಡಿನಲ್ಲಿ ಯಾರ ಚಪ್ಪಲಿ ಇದೆ ಎಂಬುದು ಗೊತ್ತಿರುವುದು ಅಂಗಡಿಯವನಿಗೆ ಮಾತ್ರ. ಬಿಲ್ಲೆ ಕಳೆಯಿತೆಂದು ಹೋಗಿ ಹೇಳಿದರೆ ಆ ಗೂಡಿನ ಮಾಲನ್ನು ಆತ ಯಾರಿಗೂ ಕೊಡದೆ ತಡೆಹಿಡಿಯಬಲ್ಲ. ಮೊದಲನೆಯ ದಾರಿ ಇದು: ಕುಕೀಯಲ್ಲಿ ಅರ್ಥವಿಲ್ಲದ ಒಂದು ಗುರುತು, ಅರ್ಥವೆಲ್ಲ ಸರ್ವರಿನ ಡೇಟಾಬೇಸಿನಲ್ಲಿ. ಎರಡನೆಯ ದಾರಿಯಲ್ಲಿ ಬಳಕೆದಾರರ ಹೆಸರು, ಅವಧಿ, ಅಧಿಕಾರ ಎಲ್ಲವನ್ನೂ ಕುಕೀಯಲ್ಲೇ ಬರೆದು, ಯಾರೂ ತಿದ್ದದಂತೆ ಸರ್ವರ್ ತನ್ನ ಗುಟ್ಟಿನ ಕೀಲಿಯಿಂದ ಗಣಿತದ ಸಹಿ ಹಾಕಿ ಕಳಿಸುತ್ತದೆ. ವಾಪಸು ಬಂದಾಗ ಸಹಿ ಸರಿಯಿದ್ದರೆ ಸಾಕು, ಬೇರೇನೂ ಹುಡುಕಬೇಕಿಲ್ಲ.

ಡ್ರೂಪಲ್ ಮೊದಲನೆಯ ದಾರಿ ಹಿಡಿಯಿತು. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರ ಜನವರಿಯಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶದಲ್ಲಿ ಲಾಗಿನ್ ಆದ ಪ್ರತಿಯೊಬ್ಬರಿಗೂ ಸೆಷನ್ಸ್ ಎಂಬ ಕೋಷ್ಟಕದಲ್ಲಿ ಒಂದು ಸಾಲು ಸೇರುತ್ತದೆ: ಯಾವ ಬಳಕೆದಾರ, ಯಾವ ಐಪಿ ವಿಳಾಸ, ಕೊನೆಗೆ ಕಾಣಿಸಿಕೊಂಡದ್ದು ಯಾವಾಗ. ಬ್ರೌಸರಿಗೆ ಹೋಗುವುದು ಊಹಿಸಲಾಗದ ಒಂದು ಗುರುತು ಮಾತ್ರ. ಪ್ರತಿ ಕೋರಿಕೆ ಬಂದಾಗಲೂ ಡ್ರೂಪಲ್ ಆ ಸಾಲನ್ನು ಓದಿ, ಜೊತೆಗೆ ಬಳಕೆದಾರರ ದಾಖಲೆಯನ್ನೂ ನೋಡುತ್ತದೆ. ಖಾತೆಯನ್ನು ನಿರ್ವಾಹಕರು ತಡೆಹಿಡಿದಿದ್ದರೆ ಆ ಕ್ಷಣದಿಂದ ಆ ಬಳಕೆದಾರ ಅನಾಮಧೇಯ ಓದುಗ. ಪಾಸ್‌ವರ್ಡ್ ಬದಲಾದರೆ ಆ ಖಾತೆಯ ಉಳಿದ ಸೆಷನ್ನುಗಳೆಲ್ಲ ಅಳಿಯುತ್ತವೆ. ಬದಲಿಸಿದವರು ಕೂತಿರುವ ಸೆಷನ್ ಮಾತ್ರ ಹೊಸ ಗುರುತಿನೊಂದಿಗೆ ಮುಂದುವರಿಯುತ್ತದೆ. ಡ್ರೂಪಲ್ 8 ಬಂದಾಗ ಇನ್ನೊಂದು ಒಳ್ಳೆಯ ಹೆಜ್ಜೆ ಇಟ್ಟರು: ಗುರುತನ್ನು ಹಾಗೆಯೇ ಬರೆದಿಡದೆ ಅದರಿಂದ ಗಣಿಸಿದ, ಹಿಂದಕ್ಕೆ ತಿರುಗಿಸಲಾಗದ ಹ್ಯಾಷ್ ಮಾತ್ರ ಉಳಿಸುವುದು. ಡೇಟಾಬೇಸಿನ ಒಂದು ಪ್ರತಿ ಕಳ್ಳರಿಗೆ ಸಿಕ್ಕರೂ ಅದರಿಂದ ಯಾರ ಸೆಷನ್ನನ್ನೂ ಮತ್ತೆ ಕಟ್ಟಲಾಗದು.

ಮೊಬೈಲ್ ಬಂದಾಗ ಸಿಎಂಎಸ್‌ಗಳು ಮನುಷ್ಯರ ಬ್ರೌಸರಿಗೆ ಮಾತ್ರವಲ್ಲ, ಬೇರೆ ಪ್ರೋಗ್ರಾಂಗಳಿಗೂ ಬಾಗಿಲು ತೆರೆಯಬೇಕಾಯಿತು. ಡ್ರೂಪಲ್ 6, 7ರ ಕಾಲದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದು ಸರ್ವಿಸಸ್ ಎಂಬ ಮಾಡ್ಯೂಲು. ಆ್ಯಪ್ ಹೆಸರು, ಪಾಸ್‌ವರ್ಡ್ ಕಳಿಸಿದರೆ ಸರ್ವರಿನಿಂದ ಸೆಷನ್ನಿನ ಹೆಸರು, ಅದರ ಗುರುತು ವಾಪಸು ಬರುತ್ತವೆ. ಮುಂದಿನ ಕೋರಿಕೆಗಳಲ್ಲಿ ಆ್ಯಪ್ ಅವೆರಡನ್ನು ಜೋಡಿಸಿ ಕುಕೀಯಾಗಿ ಕಳಿಸಬೇಕು. ಎಂದರೆ ಆ್ಯಪ್ ಬ್ರೌಸರಿನ ವೇಷ ಹಾಕುತ್ತದೆ. ಡ್ರೂಪಲ್ 8 ಈ ಸೌಲಭ್ಯವನ್ನು 2015ರ ನವೆಂಬರಿನಲ್ಲಿ ತನ್ನ ಮೂಲ ತಂತ್ರಾಂಶಕ್ಕೇ ಸೇರಿಸಿಕೊಂಡಿತು. ಈ ವೇಷವನ್ನು ಅನೇಕರು ಕುರೂಪ ಎನ್ನುತ್ತಾರೆ. ನನಗೆ ಅದರಲ್ಲಿ ಒಂದು ದೊಡ್ಡ ಗುಣ ಕಾಣುತ್ತದೆ: ಆ್ಯಪಿನಿಂದ ಬಂದವರೂ ಬ್ರೌಸರಿನಿಂದ ಬಂದವರೂ ಒಂದೇ ಕೋಷ್ಟಕದಲ್ಲಿದ್ದಾರೆ. ಒಬ್ಬರನ್ನು ಹೊರಹಾಕಿದರೆ ಎರಡೂ ಕಡೆಯಿಂದ ಹೊರಗೆ.

ಎರಡನೆಯ ದಾರಿ ಏನಾಗುತ್ತದೆ ಎಂಬುದಕ್ಕೆ ವರ್ಡ್‌ಪ್ರೆಸ್ ಇತಿಹಾಸವೇ ಸಾಕ್ಷಿ. ಅದರ 4.0 ಆವೃತ್ತಿಗೆ ಮೊದಲು ಲಾಗಿನ್ ಕುಕೀಯಲ್ಲಿ ಬಳಕೆದಾರರ ಹೆಸರು, ಅವಧಿ ಮುಗಿಯುವ ಸಮಯ, ಒಂದು ಸಹಿ ಇರುತ್ತಿದ್ದವು. ಯಾರ ಸೆಷನ್ ಎಲ್ಲೆಲ್ಲಿದೆ ಎಂಬ ಲೆಕ್ಕ ಸರ್ವರಿನಲ್ಲಿ ಇರಲಿಲ್ಲ. ಹಾಗಾದರೆ ಲಾಗೌಟ್ ಒತ್ತಿದಾಗ ಆಗುತ್ತಿದ್ದದ್ದೇನು? ಬ್ರೌಸರಿನಲ್ಲಿದ್ದ ಕುಕೀ ಅಳಿಯುತ್ತಿತ್ತು, ಅಷ್ಟೇ. ಯಾರಾದರೂ ಅದರ ಪ್ರತಿ ಮಾಡಿಕೊಂಡಿದ್ದರೆ ಆ ಪ್ರತಿ ಅವಧಿ ಮುಗಿಯುವತನಕ ಚಾಲ್ತಿಯಲ್ಲಿ ಉಳಿಯುತ್ತಿತ್ತು. ಪಾಸ್‌ವರ್ಡ್ ಬದಲಿಸಬೇಕು, ಇಲ್ಲವೇ ಇಡೀ ತಾಣದ ಗುಟ್ಟಿನ ಕೀಲಿಗಳನ್ನೇ ಬದಲಿಸಿ ಎಲ್ಲರನ್ನೂ ಒಟ್ಟಿಗೆ ಹೊರದಬ್ಬಬೇಕು. ಬೇರೆ ಉಪಾಯ ಇರಲಿಲ್ಲ. 2014ರ ಮೇ ತಿಂಗಳಿನಲ್ಲಿ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ನಿನ ಯಾನ್ ಝು ಅವರು ವರ್ಡ್‌ಪ್ರೆಸ್.ಕಾಮ್ ಸೇವೆಯಲ್ಲಿ ಲಾಗಿನ್ ಕುಕೀ ಗೂಢಲಿಪಿಯಿಲ್ಲದೆ ಬಯಲಲ್ಲೇ ಹರಿಯುತ್ತಿದೆ ಎಂದು ತೋರಿಸಿದರು. ಅದನ್ನು ಬೇರೆ ಬ್ರೌಸರಿಗೆ ಹಾಕಿದರೆ ಪಾಸ್‌ವರ್ಡ್ ಕೇಳದೆ ಖಾತೆ ತೆರೆದುಕೊಳ್ಳುತ್ತಿತ್ತು. ಬಳಕೆದಾರರು ಲಾಗೌಟ್ ಆದರೂ ಆ ಕುಕೀಗೆ ಮೂರು ವರ್ಷದ ಆಯಸ್ಸಿತ್ತು.

ಇದು ನನಗೆ ಬರೀ ತಾಂತ್ರಿಕ ಲೋಪವಾಗಿ ಕಾಣುವುದಿಲ್ಲ. ಲಾಗೌಟ್ ಎಂಬ ಗುಂಡಿ ಬಳಕೆದಾರರಿಗೆ ಕೊಟ್ಟ ಮಾತು. ಸೈಬರ್ ಕೆಫೆಯಲ್ಲೋ ಜಿಲ್ಲಾ ವರದಿಗಾರರ ಕಚೇರಿಯ ಹಂಚಿಕೆಯ ಕಂಪ್ಯೂಟರಿನಲ್ಲೋ ಕೂತು ಕೆಲಸ ಮುಗಿಸಿದವರು ಅದನ್ನು ಒತ್ತಿ, ಇನ್ನು ಇಲ್ಲಿ ನನ್ನದೇನೂ ಉಳಿದಿಲ್ಲ ಎಂಬ ನೆಮ್ಮದಿಯಲ್ಲಿ ಎದ್ದು ಹೋಗುತ್ತಾರೆ. ಆ ಮಾತನ್ನು ಉಳಿಸಿಕೊಳ್ಳಲು ಸರ್ವರಿಗೆ ಶಕ್ತಿಯೇ ಇಲ್ಲವೆಂದಾದರೆ ಗುಂಡಿ ಇಡಬಾರದಿತ್ತು. ವರ್ಡ್‌ಪ್ರೆಸ್ ಇದನ್ನು ಅರ್ಥಮಾಡಿಕೊಂಡಿತು. 2014ರ ಸೆಪ್ಟೆಂಬರಿನ 4.0 ಆವೃತ್ತಿಯಿಂದ ಪ್ರತಿ ಲಾಗಿನ್ನಿಗೂ ಪ್ರತ್ಯೇಕ ಟೋಕನ್ ಸೃಷ್ಟಿಯಾಗಿ ಅದರ ಲೆಕ್ಕ ಬಳಕೆದಾರರ ದಾಖಲೆಯಲ್ಲಿ ಉಳಿಯತೊಡಗಿತು. ಅದೇ ಡಿಸೆಂಬರಿನ 4.1ರಲ್ಲಿ, ಈ ಬ್ರೌಸರ್ ಬಿಟ್ಟು ಉಳಿದೆಲ್ಲ ಕಡೆ ಲಾಗೌಟ್ ಮಾಡುವ ಗುಂಡಿ ಬಂತು. ಸಹಿಯನ್ನೇ ನೆಚ್ಚಿಕೊಂಡಿದ್ದ ಒಂದು ದೊಡ್ಡ ವ್ಯವಸ್ಥೆ ಅನುಭವದಿಂದ ನೆನಪಿನ ಕಡೆಗೆ ಬಂದದ್ದು ಹೀಗೆ.

ವಿಚಿತ್ರವೆಂದರೆ ಸರಿಸುಮಾರು ಅದೇ ಹೊತ್ತಿಗೆ ಉಳಿದ ತಂತ್ರಾಂಶಲೋಕ ಎದುರು ದಿಕ್ಕಿಗೆ ಹೊರಟಿತು. 2015ರ ಮೇ ತಿಂಗಳಿನಲ್ಲಿ ಜೆಸನ್ ವೆಬ್ ಟೋಕನ್ ಆರ್‌ಎಫ್‌ಸಿ 7519 ಎಂಬ ಸಂಖ್ಯೆಯಲ್ಲಿ ಅಧಿಕೃತ ಮಾನಕವಾಯಿತು. ಬಳಕೆದಾರ ಯಾರು, ಏನೇನು ಮಾಡಬಹುದು, ಎಲ್ಲಿಯವರೆಗೆ ಎಂಬುದನ್ನೆಲ್ಲ ಟೋಕನ್ನೇ ಹೇಳುತ್ತದೆ; ಸಹಿ ನೋಡಿದರಾಯಿತು. ವೆಬ್ ಸರ್ವಿಸ್ ಕಟ್ಟುವ ಪಾಠಗಳಲ್ಲಿ ಇದು ಮೊದಲ ಪಾಠವಾಯಿತು. ಡ್ರೂಪಲ್, ವರ್ಡ್‌ಪ್ರೆಸ್ ಎರಡಕ್ಕೂ ಇದನ್ನು ಜೋಡಿಸುವ ಮಾಡ್ಯೂಲುಗಳು ಬಂದವು.

ಎದುರು ಪಕ್ಷದ ವಾದಕ್ಕೆ ತೂಕವಿದೆ. ರಾಯ್ ಫೀಲ್ಡಿಂಗ್ 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಗೆ ಸಲ್ಲಿಸಿದ ಪ್ರಬಂಧದಲ್ಲಿ ರೆಸ್ಟ್ ಎಂಬ ವಿನ್ಯಾಸವನ್ನು ವಿವರಿಸಿದರು. ಅದರಲ್ಲಿ ಪ್ರತಿ ಕೋರಿಕೆಯೂ ತನಗೆ ಬೇಕಾದ ಮಾಹಿತಿಯನ್ನೆಲ್ಲ ತಾನೇ ಹೊತ್ತು ತರಬೇಕು, ಸರ್ವರ್ ಗಿರಾಕಿಯ ಸ್ಥಿತಿಯನ್ನು ಇಟ್ಟುಕೊಳ್ಳಬಾರದು ಎಂಬುದು ಒಂದು ಮುಖ್ಯ ನಿಯಮ. ಕುಕೀಗಳು ಈ ವಿನ್ಯಾಸಕ್ಕೆ ಹೊಂದುವುದಿಲ್ಲವೆಂದೂ ಅವರು ಅಲ್ಲೇ ವಿಮರ್ಶಿಸಿದ್ದಾರೆ. ನಿಯಮದ ಲಾಭ ನಿಜವಾದದ್ದು. ಹತ್ತು ಸರ್ವರುಗಳಲ್ಲಿ ಯಾವುದು ಉತ್ತರಿಸಿದರೂ ಆಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಮುಂದುವರಿಸುತ್ತದೆ. ಎಲ್ಲ ಸರ್ವರುಗಳೂ ಒಂದೇ ಸೆಷನ್ ಕೋಷ್ಟಕಕ್ಕೆ ಮುಗಿಬೀಳಬೇಕಿಲ್ಲ. ಕೋಟ್ಯಂತರ ಜನ ಒಮ್ಮೆಗೇ ಬಳಸುವ ಸೇವೆಗೆ, ಒಳಗೊಳಗೆ ಪರಸ್ಪರ ಮಾತಾಡುವ ನೂರಾರು ಸಣ್ಣ ಸೇವೆಗಳಿಗೆ, ಈ ಹಗುರತನ ಬೇಕೇ ಬೇಕು.

ಆದರೆ ಸಿಎಂಎಸ್ ಅಂಥದ್ದೇ? ದೊಡ್ಡ ಪತ್ರಿಕೆಯ ತಾಣವನ್ನು ದಿನಕ್ಕೆ ಲಕ್ಷಾಂತರ ಜನ ಓದಬಹುದು. ಲಾಗಿನ್ ಆಗಿ ಬರೆಯುವವರು, ತಿದ್ದುವವರು ಎಷ್ಟು ಮಂದಿ? ಸಂಪಾದಕ ವಿಭಾಗದಲ್ಲಿ ಕೂರುವಷ್ಟು. ಓದುಗರಿಗೆ ಸೆಷನ್ನೇ ಬೇಕಿಲ್ಲ. ಡ್ರೂಪಲ್ 7ರಿಂದ ಈಚೆಗೆ, ಇಟ್ಟುಕೊಳ್ಳಬೇಕಾದ ಮಾಹಿತಿ ಏನಾದರೂ ಹುಟ್ಟುವವರೆಗೆ ಅನಾಮಧೇಯ ಓದುಗರಿಗೆ ಸೆಷನ್ ತೆರೆಯುವುದೇ ಇಲ್ಲ. ಉಳಿದ ಕೆಲವರಿಗೆ ಪ್ರತಿ ಕೋರಿಕೆಯಲ್ಲಿ ಡೇಟಾಬೇಸಿನ ಒಂದು ಸಾಲು ಓದುವುದು ಎಷ್ಟು ದುಬಾರಿ? ಒಂದು ಲೇಖನವನ್ನು ತೆರೆಯಲು ಅದೇ ಸಿಎಂಎಸ್ ಡೇಟಾಬೇಸಿಗೆ ಹತ್ತಾರು ಪ್ರಶ್ನೆ ಕೇಳುತ್ತದೆ. ಅಷ್ಟರಲ್ಲಿ, ಕೇಳುತ್ತಿರುವವರು ಇನ್ನೂ ಒಳಗಿರಬಹುದೇ ಎಂಬ ಒಂದೇ ಪ್ರಶ್ನೆಯನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡುವುದು ನನಗೆ ಒಪ್ಪಿಗೆಯಾಗದ ಲೆಕ್ಕ.

ಕೈಬಿಟ್ಟರೆ ಆಗುವುದು ಇದು. ಗುತ್ತಿಗೆ ಮೇಲೆ ಬಂದಿದ್ದ ಒಬ್ಬರನ್ನು ಶುಕ್ರವಾರ ಸಂಜೆ ಕೆಲಸದಿಂದ ಬಿಡಿಸಿದರು ಎನ್ನಿ. ನಿರ್ವಾಹಕರು ಖಾತೆಯನ್ನು ತಡೆಹಿಡಿದರು. ಫೋನಿನಲ್ಲಿದ್ದ ಆ್ಯಪಿನ ಟೋಕನ್ ಮಾತ್ರ ನಾನು ಉಪಸಂಪಾದಕ, ಇಂಥ ದಿನದವರೆಗೆ ನನಗೆ ಪ್ರಕಟಿಸುವ ಅಧಿಕಾರವಿದೆ ಎಂದು ಹೇಳುತ್ತಲೇ ಇದೆ. ಸಹಿ ಅಸಲಿ. ಸಹಿಯನ್ನಷ್ಟೇ ನೋಡುವ ಸರ್ವರಿಗೆ ಅಲ್ಲಗಳೆಯಲು ಕಾರಣವೇ ಇಲ್ಲ. ಟೋಕನ್ ಪರವಾಗಿ ಇರುವವರು ಇದಕ್ಕೆ ಪರಿಹಾರಗಳನ್ನು ಹೇಳುತ್ತಾರೆ: ರದ್ದಾದ ಟೋಕನ್ನುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಪ್ರತಿ ಸಲ ನೋಡಬಹುದು, ಅಥವಾ ಟೋಕನ್ನಿಗೆ ಕೆಲವೇ ನಿಮಿಷದ ಆಯಸ್ಸು ಕೊಟ್ಟು, ನವೀಕರಿಸಿಕೊಳ್ಳಲು ಇನ್ನೊಂದು ದೀರ್ಘಾವಧಿಯ ಟೋಕನ್ ಇಟ್ಟು, ಅದನ್ನು ಸರ್ವರಿನಲ್ಲಿ ದಾಖಲಿಸಬಹುದು. ಎರಡೂ ಕೆಲಸ ಮಾಡುತ್ತವೆ. ಎರಡರಲ್ಲೂ ಸರ್ವರ್ ಮತ್ತೆ ನೆನಪಿಡಲು ಶುರುಮಾಡಿತು ಎಂಬುದನ್ನು ಗಮನಿಸಿ. ಮುಂಬಾಗಿಲಿನಿಂದ ಕಳಿಸಿದ ಕೋಷ್ಟಕ ಹಿತ್ತಿಲಿನಿಂದ ಬಂದು ಕೂತಿದೆ. ನಡುವೆ ಎರಡು ಬಗೆಯ ಟೋಕನ್ನುಗಳ ತೊಡಕು ಹೆಚ್ಚಾಗಿದೆ.

ಕುಕೀ ಸೆಷನ್ನಿಗೂ ತನ್ನದೇ ಅಪಾಯವಿದೆ. ಬ್ರೌಸರ್ ಯಾವುದೇ ತಾಣಕ್ಕೆ ಕೋರಿಕೆ ಕಳಿಸುವಾಗ ಆ ತಾಣದ ಕುಕೀಯನ್ನು ಕೇಳದೆಯೇ ಲಗತ್ತಿಸುತ್ತದೆ. ಸಂಪಾದಕರು ತಮ್ಮ ಸಿಎಂಎಸ್‌ಗೆ ಲಾಗಿನ್ ಆಗಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ಯಾವುದೋ ಕುಟಿಲ ಪುಟ ತೆರೆದರೆ, ಆ ಪುಟ ಸದ್ದಿಲ್ಲದೆ ಸಿಎಂಎಸ್‌ಗೆ ಲೇಖನ ಅಳಿಸು ಎಂಬ ಕೋರಿಕೆ ಕಳಿಸಬಹುದು. ಕುಕೀ ಜೊತೆಗೇ ಹೋಗುವುದರಿಂದ ಸರ್ವರಿಗೆ ಅದು ಸಂಪಾದಕರ ಮಾತಿನಂತೆಯೇ ಕಾಣುತ್ತದೆ. ಇದನ್ನು ಸಿಎಸ್‌ಆರ್‌ಎಫ್ ದಾಳಿ ಎನ್ನುತ್ತಾರೆ. ಇದಕ್ಕಾಗಿಯೇ ಡ್ರೂಪಲ್‌ನಲ್ಲಿ ಆ ಸೆಷನ್ನಿಗೆ ಸೇರಿದ ಇನ್ನೊಂದು ಗುಟ್ಟಿನ ಟೋಕನ್ ಪಡೆದು, ಬರೆಯುವ, ಅಳಿಸುವ ಪ್ರತಿ ಕೋರಿಕೆಯ ಶಿರೋಭಾಗದಲ್ಲಿ ಕಳಿಸಬೇಕು. ಕುಟಿಲ ಪುಟಕ್ಕೆ ಅದನ್ನು ಓದಲಾಗದು. ವರ್ಡ್‌ಪ್ರೆಸ್ ಇನ್ನೂ ಬಿಗಿ: 2016ರ ಡಿಸೆಂಬರಿನ 4.7 ಆವೃತ್ತಿಯಲ್ಲಿ ಪೂರ್ತಿಯಾಗಿ ಬಂದ ಅದರ ರೆಸ್ಟ್ ಸೇವೆಯಲ್ಲಿ, ಕುಕೀ ಇದ್ದು ಈ ಹೆಚ್ಚುವರಿ ಟೋಕನ್ ಇಲ್ಲದಿದ್ದರೆ ಕೋರಿಕೆಯನ್ನು ಲಾಗಿನ್ ಆಗದವರದ್ದು ಎಂದೇ ಪರಿಗಣಿಸುತ್ತಾರೆ. 2020ರ ಫೆಬ್ರುವರಿಯ ಕ್ರೋಮ್ 80ರಿಂದ ಬ್ರೌಸರುಗಳೂ ಪರತಾಣದ ಕೋರಿಕೆಗಳಿಗೆ ಕುಕೀ ಸೇರಿಸುವುದನ್ನು ತಾವಾಗಿ ಮಿತಿಗೊಳಿಸತೊಡಗಿವೆ.

ಆ್ಯಪ್ ಬರೆಯುವವರಿಗೆ ಈ ಎರಡನೆಯ ಟೋಕನ್ ಕಿರಿಕಿರಿ. ಕೋರಿಕೆ 403 ಎಂದು ತಿರಸ್ಕೃತವಾಗಿ ಬಂದಾಗ ಕಾರಣ ಹುಡುಕುವುದಕ್ಕಿಂತ ತಪಾಸಣೆಯನ್ನೇ ತೆಗೆದುಹಾಕುವುದು ಸುಲಭ. ಗಡುವಿನ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಇದು ಕ್ಷಮಿಸಬಹುದಾದ ಸುಲಭವಲ್ಲ. ಇಲ್ಲಿ ನನ್ನ ನಿಲುವು ಇನ್ನೊಂದು: ತಾವಾಗಿ ಓಡುವ ಹೊರಗಿನ ಪ್ರೋಗ್ರಾಂಗಳನ್ನು ಮನುಷ್ಯರ ಸೆಷನ್ನಿನಲ್ಲಿ ಕೂರಿಸಲೇಬಾರದು. ಅದೇ ತಾಣದ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟಿಗೂ, ಮನುಷ್ಯರೇ ಕೈಯಲ್ಲಿ ಹಿಡಿದು ಲಾಗಿನ್ ಆಗುವ ಆ್ಯಪಿಗೂ ಕುಕೀ ಸೆಷನ್ ಸರಿ. ರಾತ್ರಿ ಹನ್ನೆರಡಕ್ಕೆ ಹವಾಮಾನದ ಅಂಕಿಗಳನ್ನು ತಂದು ತಾಣಕ್ಕೆ ಸೇರಿಸುವ ಪ್ರೋಗ್ರಾಂ ಮನುಷ್ಯನಲ್ಲ. ಅದಕ್ಕೆ ನಿರ್ವಾಹಕರ ಪಾಸ್‌ವರ್ಡ್ ಬರೆದುಕೊಟ್ಟರೆ, ಆ ಪಾಸ್‌ವರ್ಡ್ ಯಾವುದೋ ಫೈಲಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಬರೆದವರು ಸಂಸ್ಥೆ ಬಿಟ್ಟುಹೋದ ಮೇಲೂ.

ಈ ವಿಷಯದಲ್ಲಿ ನಾನು ಮನಸಾರೆ ಮೆಚ್ಚುವುದು ವರ್ಡ್‌ಪ್ರೆಸ್ 2020ರ ಡಿಸೆಂಬರಿನಲ್ಲಿ, 5.6 ಆವೃತ್ತಿಯಲ್ಲಿ ತಂದ ಆ್ಯಪ್ಲಿಕೇಶನ್ ಪಾಸ್‌ವರ್ಡುಗಳನ್ನು. ಪ್ರತಿ ಪ್ರೋಗ್ರಾಂಗೂ ಬೇರೆ ಹೆಸರು ಕೊಟ್ಟು ತಾಣವೇ 24 ಅಕ್ಷರಗಳ ಒಂದು ಗುಟ್ಟನ್ನು ಹುಟ್ಟಿಸುತ್ತದೆ, ಒಮ್ಮೆ ಮಾತ್ರ ತೋರಿಸುತ್ತದೆ, ಹ್ಯಾಷ್ ಮಾಡಿ ಇಟ್ಟುಕೊಳ್ಳುತ್ತದೆ. ಅದರಿಂದ ಸಾಮಾನ್ಯ ಲಾಗಿನ್ ಪುಟದ ಮೂಲಕ ಒಳಬರಲಾಗದು. ಕೊನೆಗೆ ಯಾವಾಗ ಬಳಕೆಯಾಯಿತು, ಯಾವ ಐಪಿ ವಿಳಾಸದಿಂದ ಎಂಬುದು ಬಳಕೆದಾರರ ಪುಟದಲ್ಲೇ ಕಾಣುತ್ತದೆ. ಒಂದನ್ನು ಮಾತ್ರ ರದ್ದುಮಾಡಬಹುದು, ಉಳಿದವು ನಡೆಯುತ್ತಿರುತ್ತವೆ. ಕನ್ನಡ ವಿಕಿಪೀಡಿಯ, ಕನ್ನಡ ವಿಕಿಸೋರ್ಸ್ ಓಡುವ ಮೀಡಿಯಾವಿಕಿ ತಂತ್ರಾಂಶದಲ್ಲೂ ಬಾಟ್ ಪಾಸ್‌ವರ್ಡ್ ಎಂಬ ಇಂಥದ್ದೇ ಏರ್ಪಾಟಿದೆ. ಅಲ್ಲಿ ಬಾಟ್ ಏನೇನು ಮಾಡಬಹುದು ಎಂಬುದನ್ನೂ ಆರಿಸಿ ಕೊಡಬಹುದು. ಬರಹಗಳನ್ನು ಸಾಲುಸಾಲಾಗಿ ತಿದ್ದಲು ಬಾಟ್ ಓಡಿಸುವವರು ತಮ್ಮ ಮುಖ್ಯ ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆಯಬೇಕಾಗಿಲ್ಲ.

ಗುರುತು ಕಳುವಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಜೋಡಣೆಯನ್ನು ಬಿಡುಗಡೆ ಮಾಡಿದರು. ಬೀಗವಿಲ್ಲದ ವೈಫೈನಲ್ಲಿ ಪಕ್ಕದವರ ಫೇಸ್‌ಬುಕ್, ಟ್ವಿಟರ್ ಸೆಷನ್ನುಗಳು ಅದರ ಪಟ್ಟಿಯಲ್ಲಿ ಬಂದು ಕೂರುತ್ತಿದ್ದವು. ಹೆಸರಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಅವರಾಗಿ ಒಳಗೆ. ಲಾಗಿನ್ ಪುಟಕ್ಕೆ ಮಾತ್ರ ಗೂಢಲಿಪಿ, ಉಳಿದದ್ದಕ್ಕೆ ಬೇಡ ಎಂಬ ಅಂದಿನ ರೂಢಿಯ ಟೊಳ್ಳುತನ ಅದರಿಂದ ಜನಸಾಮಾನ್ಯರಿಗೂ ಕಂಡಿತು. ಈಗ ಬಹುತೇಕ ಎಲ್ಲೆಡೆ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಏರ್ಪಾಟು ಇದೆ. ಕಳ್ಳತನ ದಾರಿ ಬದಲಿಸಿದೆ. 2023ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ಓಕ್ಟಾ ಪ್ರಕರಣದಲ್ಲಿ, ತೊಂದರೆ ಪತ್ತೆಗೆಂದು ಗ್ರಾಹಕರು ಸಹಾಯ ವಿಭಾಗಕ್ಕೆ ಕಳಿಸಿದ್ದ ಬ್ರೌಸರ್ ದಾಖಲೆಗಳ ಒಳಗೇ ಜೀವಂತ ಸೆಷನ್ ಟೋಕನ್ನುಗಳಿದ್ದವು. ಗುರುತಿನ ಭದ್ರತೆಯನ್ನೇ ಕಸುಬಾಗಿಸಿಕೊಂಡ ಕಂಪನಿ ಅದು. ಇಂಥ ಕಡೆ ಒಟಿಪಿ ಸಹಾಯಕ್ಕೆ ಬರದು; ಅದೆಲ್ಲ ಲಾಗಿನ್ ಹೊತ್ತಿಗೆ ಮುಗಿದ ಮಾತು.

ಹಾಗಾಗಿ ಕಳುವಾದ ಮೇಲೆ ಏನು ಮಾಡಬಲ್ಲೆವು ಎಂಬುದೇ ನಿರ್ಣಾಯಕ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ವ್ಯೂ ಆ್ಯಸ್ ಸೌಲಭ್ಯದ ದೋಷ ಬಳಸಿ ದಾಳಿಕೋರರು ಪ್ರವೇಶ ಟೋಕನ್ನುಗಳನ್ನು ಕದ್ದರು. ಮೊದಲು 5 ಕೋಟಿ ಖಾತೆ ಎಂದಿದ್ದ ಕಂಪನಿ ಆಮೇಲೆ ಸುಮಾರು 3 ಕೋಟಿ ಎಂದಿತು. ಆ ಸೋರಿಕೆ ಅಕ್ಷಮ್ಯ. ಆದರೆ ಗೊತ್ತಾದೊಡನೆ ಅವರು 9 ಕೋಟಿ ಖಾತೆಗಳ ಟೋಕನ್ನುಗಳನ್ನು ರದ್ದುಮಾಡಿ, ಅಷ್ಟೂ ಜನ ಮತ್ತೆ ಲಾಗಿನ್ ಆಗುವಂತೆ ಮಾಡಲು ಸಾಧ್ಯವಾಯಿತು. ಕೊಟ್ಟ ಟೋಕನ್ನನ್ನು ಹಿಂತೆಗೆದುಕೊಳ್ಳುವ ದಾರಿ ಮೊದಲೇ ಇದ್ದುದರಿಂದ ಸಾಧ್ಯವಾದದ್ದು ಅದು. ಅಷ್ಟು ಅಗಾಧ ಗಾತ್ರದ ಸೇವೆ ಇಟ್ಟುಕೊಂಡ ಅಧಿಕಾರವನ್ನು, ಐವತ್ತು ಮಂದಿ ಬರೆಯುವ ತಾಣವೊಂದು ವೇಗದ ಹೆಸರಿನಲ್ಲಿ ಬಿಟ್ಟುಕೊಡಬೇಕಾದ ಅಗತ್ಯವೇನು?

ನೆನಪಿಗೂ ಒಂದು ನೆರಳಿದೆ, ಅದನ್ನು ಮರೆಮಾಚಬಾರದು. ಯಾರು, ಎಲ್ಲಿಂದ, ಯಾವ ಯಂತ್ರದಿಂದ, ಎಷ್ಟು ಹೊತ್ತಿಗೆ ಬಂದರು ಎಂಬ ಸೆಷನ್ ದಾಖಲೆ ನೌಕರರ ಮೇಲೆ ಕಣ್ಣಿಡುವ ಸಾಧನವೂ ಆಗಬಹುದು. ಮೂಲ ಗುಟ್ಟಾಗಿಡಬೇಕಾದ ವರದಿಗಾರರಿಗೆ ತಾವು ಯಾವ ಊರಿನ ಯಾವ ಜಾಲದಿಂದ ಲಾಗಿನ್ ಆದೆವೆಂಬುದು ಕಚೇರಿಯ ಡೇಟಾಬೇಸಿನಲ್ಲಿ ಉಳಿಯುವುದು ಹಿತವಲ್ಲ. ಇದಕ್ಕೆ ಉತ್ತರ ನೆನಪನ್ನೇ ಅಳಿಸುವುದಲ್ಲ, ಅದನ್ನು ಅಳತೆಯಲ್ಲಿಡುವುದು, ಮತ್ತು ಅದನ್ನು ಮೊದಲು ಬಳಕೆದಾರರಿಗೇ ತೋರಿಸುವುದು. ಇಲ್ಲಿ ಸಿಎಂಎಸ್‌ಗಳು ಹಿಂದೆ ಬಿದ್ದಿವೆ. ಗೂಗಲ್ ಖಾತೆಯಲ್ಲಿ ಯಾವ ಯಾವ ಸಾಧನದಲ್ಲಿ ಒಳಗಿದ್ದೇವೆಂದು ನೋಡಬಹುದು, ಒಂದೊಂದನ್ನೇ ತೆಗೆಯಬಹುದು. ವರ್ಡ್‌ಪ್ರೆಸ್ ಅಷ್ಟು ವಿವರ ಇಟ್ಟುಕೊಂಡಿದ್ದರೂ ಬಳಕೆದಾರರಿಗೆ ಕೊಟ್ಟಿರುವುದು ಒಂದು ಗುಂಡಿ, ಪಟ್ಟಿಯಿಲ್ಲ. ಡ್ರೂಪಲ್‌ನ ಮೂಲ ತಂತ್ರಾಂಶದಲ್ಲಿ ಅಂಥ ಪಟ್ಟಿಯ ಪುಟವೇ ಇಲ್ಲ. ಬೇಕೆಂದರೆ ಹೊರಗಿನ ಮಾಡ್ಯೂಲು ಹುಡುಕಬೇಕು. ಕೋಷ್ಟಕ ಡೇಟಾಬೇಸಿನಲ್ಲಿದೆ, ಅದರಲ್ಲಿ ಹೆಸರಿರುವವರಿಗೆ ಮಾತ್ರ ಕಾಣುವುದಿಲ್ಲ.

ಅವಧಿಯ ಮಾತೂ ಇದೆ. ಡ್ರೂಪಲ್ ಜೊತೆ ಬರುವ ಮೂಲ ಸಂಯೋಜನೆಯಲ್ಲಿ ಕುಕೀಯ ಆಯಸ್ಸು 20,00,000 ಸೆಕೆಂಡು, ಅಂದರೆ ಸುಮಾರು 23 ದಿನ. ಬಳಸದೆ ಬಿಟ್ಟ ಸೆಷನ್ನನ್ನು ಕಸಕ್ಕೆ ಹಾಕುವ ಗಡುವು 2,00,000 ಸೆಕೆಂಡು, ಸುಮಾರು ಐವತ್ತೈದೂವರೆ ಗಂಟೆ. ವರ್ಡ್‌ಪ್ರೆಸ್‌ನಲ್ಲಿ ಎರಡು ದಿನ, ನೆನಪಿಡು ಎಂಬ ಚೌಕಕ್ಕೆ ಗುರುತು ಹಾಕಿದರೆ 14 ದಿನ. ಹವ್ಯಾಸಕ್ಕೆ ಬರೆಯುವವರಿಗೆ ಇವು ಅನುಕೂಲ. ಸರ್ಕಾರಿ ಆದೇಶ ಪ್ರಕಟಿಸುವ ಖಾತೆಗೂ ಅದೇ ಅಳತೆ ಸಲ್ಲುವುದಿಲ್ಲ. ಈ ಅಂಕಿಗಳನ್ನು ಬದಲಿಸಲು ಒಂದೆರಡು ಸಾಲು ಸಾಕು. ಬದಲಿಸಬೇಕೆಂದು ಕೇಳುವವರು ಬೇಕು. ತಾಣ ಕಟ್ಟಿಸುವ ಇಲಾಖೆಯಾಗಲಿ ವಿಶ್ವವಿದ್ಯಾಲಯವಾಗಲಿ ಟೆಂಡರಿನಲ್ಲಿ ಪುಟದ ಬಣ್ಣ, ಅಕ್ಷರಶೈಲಿ, ಕನ್ನಡ ಯೂನಿಕೋಡ್ ಎಲ್ಲ ಬರೆಯುವಾಗ, ಖಾತೆ ತಡೆಹಿಡಿದ ಎಷ್ಟು ಹೊತ್ತಿಗೆ ಅದರ ಎಲ್ಲ ಸೆಷನ್ ಮತ್ತು ಟೋಕನ್ನುಗಳು ಸಾಯುತ್ತವೆ ಎಂಬ ಪ್ರಶ್ನೆಯನ್ನೂ ಸೇರಿಸಲಿ. ಉತ್ತರವನ್ನು ತಮ್ಮೆದುರೇ ಮಾಡಿ ತೋರಿಸಲು ಹೇಳಲಿ. ಒಂದು ಫೋನು, ಒಂದು ಲ್ಯಾಪ್‌ಟಾಪು, ಒಂದು ತಡೆಹಿಡಿದ ಖಾತೆ ಇದ್ದರೆ ಐದು ನಿಮಿಷದ ಪರೀಕ್ಷೆ.

ಗೂಗಲ್ 2024ರ ಏಪ್ರಿಲಿನಲ್ಲಿ ಸೆಷನ್ನನ್ನು ಸಾಧನಕ್ಕೇ ಕಟ್ಟಿಹಾಕುವ ಪ್ರಸ್ತಾವವೊಂದನ್ನು ಮುಂದಿಟ್ಟಿತು. ಕಂಪ್ಯೂಟರಿನ ಭದ್ರತಾ ಚಿಪ್ಪಿನಲ್ಲಿ ಹೊರತೆಗೆಯಲಾಗದ ಒಂದು ಕೀಲಿ ಹುಟ್ಟುತ್ತದೆ. ಬ್ರೌಸರ್ ಆಗಾಗ ಆ ಕೀಲಿ ತನ್ನಲ್ಲೇ ಇದೆಯೆಂದು ಸಾಬೀತುಪಡಿಸಿದರೆ ಮಾತ್ರ ಅಲ್ಪಾವಧಿಯ ಕುಕೀ ನವೀಕರಣಗೊಳ್ಳುತ್ತದೆ. ಕದ್ದ ಕುಕೀ ಬೇರೆ ಯಂತ್ರದಲ್ಲಿ ಬೇಗನೆ ನಿರುಪಯೋಗಿಯಾಗುತ್ತದೆ. ಇದು ವ್ಯಾಪಕವಾಗಿ ಬಂದರೆ ಕಳ್ಳರ ಕೆಲಸ ಕಷ್ಟವಾಗುತ್ತದೆ, ಅದನ್ನು ನಾನು ಸ್ವಾಗತಿಸುತ್ತೇನೆ. ಇದರಲ್ಲಿಯೂ ಯಾವ ಸೆಷನ್ನಿಗೆ ಯಾವ ಕೀಲಿ ಎಂಬುದನ್ನು ಬರೆದಿಟ್ಟುಕೊಳ್ಳಬೇಕಾದದ್ದು ಸರ್ವರೇ. ಕೆಲಸ ಬಿಟ್ಟವರ ಲ್ಯಾಪ್‌ಟಾಪಿನಲ್ಲಿ ಕೀಲಿ ಅಸಲಿಯಾಗಿಯೇ ಇರುತ್ತದೆ. ಅವರ ಹೆಸರಿನ ಮುಂದಿನ ಸಾಲನ್ನು ಯಾರಾದರೂ ಅಳಿಸಲೇಬೇಕಾಗುತ್ತದೆ.